ಬೆಲ್ಲಾಳ ಕಿಟಕಿ ಮತ್ತು ಕೆಲವು ಆಕ್ಷೇಪಗಳು

ಸ್ಟೆಫನಿ ಮೆಯರ್ ಅವರ ವ್ಯಾಂಪೈರ್ ಕಾದಂಬರಿ ಸರಣಿ 'ಟ್ವೈಲೈಟ್' ಓದಿ ನನಗಾದ ನಿರಾಸೆಯನ್ನು ಬರೆದಾಗ ಇಷ್ಟೊಂದು ಜನಕ್ಕೆ ಸಿಟ್ಟು ಬಂದೀತೆಂದು ಎಣಿಸಿರಲಿಲ್ಲ. ಸಿಟ್ಟು ಬಂದದ್ದು ಒಳ್ಳೆಯದೇ. ಮೆಚ್ಚಿದ ಪುಸ್ತಕದ ಪರವಾಗಿ ಓದುಗರು ಜಗಳಕ್ಕೆ ನಿಲ್ಲಲೇಬೇಕು. ಆದರೆ ಬಂದ ಮಾತುಗಳಲ್ಲಿ ಎಷ್ಟೋ ನಾನು ಹೇಳದೇ ಇದ್ದುದಕ್ಕೆ ಕೊಟ್ಟ ಉತ್ತರಗಳು. ಹಾಗಾಗಿ ಒಂದೊಂದನ್ನೇ ಎತ್ತಿಕೊಳ್ಳುತ್ತೇನೆ.

"ವ್ಯಾಂಪೈರ್ ಬಿಸಿಲಿಗೆ ಸುಟ್ಟುಹೋಗುವ ಬದಲು ಮಿರಮಿರ ಹೊಳೆಯುತ್ತಾನೆ ಅನ್ನುವುದೇ ನಿಮ್ಮ ತಕರಾರು" ಎಂದವರು ಹಲವರು. ಅಲ್ಲವೇ ಅಲ್ಲ. ಬ್ರಾಮ್ ಸ್ಟೋಕರ್ 1897ರಲ್ಲಿ ಸೃಷ್ಟಿಸಿದ ಡ್ರಾಕುಲಾ ಹಾಡಹಗಲಲ್ಲೇ ಲಂಡನ್ನಿನ ಬೀದಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಹಗಲಲ್ಲಿ ಅವನ ಶಕ್ತಿ ಕುಂದಿರುತ್ತದೆ, ಅಷ್ಟೇ. ಬಿಸಿಲು ತಾಕಿದರೆ ಸಾವು ಎಂಬ ಕಟ್ಟಳೆ ಬೇರೂರಿದ್ದು 1922ರ ಜರ್ಮನ್ ಮೂಕಿಚಿತ್ರ 'ನೊಸ್ಫೆರಾಟು'ವಿನಿಂದ. ಕಥೆಗಾರರು ತಮಗೆ ಬೇಕಾದಂತೆ ರಕ್ತಪಿಶಾಚಿಯನ್ನು ಬದಲಿಸುತ್ತಲೇ ಬಂದಿದ್ದಾರೆ. ಸ್ಟೆಫನಿ ಮೆಯರ್ ಅವರಿಗೂ ಆ ಸ್ವಾತಂತ್ರ್ಯವಿದೆ. 2005ರಲ್ಲಿ ಬಂದ ಮೊದಲ ಭಾಗದ ಆರಂಭವಂತೂ ನನಗೆ ಇಂದಿಗೂ ಇಷ್ಟ. ಅರಿಜೋನಾದ ಬಿಸಿಲು ಬಿಟ್ಟು, ಸದಾ ಮಳೆ ಹಿಡಿದಿರುವ ಫೋರ್ಕ್ಸ್ ಎಂಬ ಪುಟ್ಟ ಊರಿಗೆ ನಾಯಕಿ ಬೆಲ್ಲಾ ಬರುತ್ತಾಳೆ. ಪೊಲೀಸ್ ಮುಖ್ಯಸ್ಥನಾದ ಅಪ್ಪ ಚಾರ್ಲಿಗೆ ಹೆಚ್ಚು ಮಾತು ಬಾರದು, ಅಡುಗೆಯೂ ಬಾರದು. ಮಗಳು ಬಂದವಳೇ ಅಡುಗೆಮನೆ ವಹಿಸಿಕೊಳ್ಳುತ್ತಾಳೆ. ಆ ಮನೆಯ ಮೌನದಲ್ಲಿ ಒಂದು ಒಳ್ಳೆಯ ಕಾದಂಬರಿಗೆ ಬೇಕಾದದ್ದೆಲ್ಲ ಇತ್ತು. ನಿರೀಕ್ಷೆ ಹುಟ್ಟಿದ್ದರಿಂದಲೇ ನಿರಾಸೆಯಾದದ್ದು.

ಎರಡನೆಯ ಆಕ್ಷೇಪವನ್ನು ನಾನು ಗೌರವದಿಂದ ಕೇಳಿಸಿಕೊಂಡೆ: "ಹುಡುಗಿಯರು ಮೆಚ್ಚಿದ್ದನ್ನೆಲ್ಲ ಹೀಗಳೆಯುವುದು ಲೋಕದ ಚಾಳಿ. ಹುಡುಗರ ಹೊಡೆದಾಟದ ಕಥೆಗಳಿಗೆ ಇಂಥ ತನಿಖೆ ನಡೆಯುತ್ತದೆಯೇ?" ನಡೆಯುವುದಿಲ್ಲ, ನಿಜ. ನಮ್ಮಲ್ಲೂ ಹೆಂಗಸರು ಮುಗಿಬಿದ್ದು ಓದಿದ ಕಾದಂಬರಿಗಳನ್ನು 'ಅಡುಗೆಮನೆ ಸಾಹಿತ್ಯ' ಎಂದು ಮೂಲೆಗೆ ತಳ್ಳಿದವರಿದ್ದರು. ಆದರೆ ಅದೇ ಓದುಗರು ಕೈಯಿಂದ ಕೈಗೆ ದಾಟಿಸಿದ ತ್ರಿವೇಣಿಯವರ 'ಶರಪಂಜರ'ವನ್ನು ನೆನೆಯಿರಿ. ಮನೋರೋಗದಿಂದ ಚೇತರಿಸಿಕೊಂಡು ಮನೆಗೆ ಬರುವ ಕಾವೇರಿಗೆ, ಗಂಡನೂ ನೆಂಟರೂ ತನ್ನನ್ನು ಯಾವ ಕಣ್ಣಿಂದ ನೋಡುತ್ತಿದ್ದಾರೆಂದು ಗೊತ್ತಾಗುತ್ತದೆ. ಗೊತ್ತಾದದ್ದರ ಭಾರವನ್ನು ಅವಳೇ ಹೊರುತ್ತಾಳೆ. ಲೇಖಕಿ ಅವಳ ಕಣ್ಣು ಮುಚ್ಚಿಸುವುದಿಲ್ಲ. ಜನಪ್ರಿಯ ಕಾದಂಬರಿ ತನ್ನ ನಾಯಕಿಯನ್ನು ಇಷ್ಟರಮಟ್ಟಿಗೆ ನಂಬಬಲ್ಲದು. ಹುಡುಗಿಯರ ಪುಸ್ತಕದಿಂದ ಕಡಿಮೆ ನಿರೀಕ್ಷಿಸಿ ಎನ್ನುವುದೇ ನನಗೆ ಅವಮಾನವಾಗಿ ಕಾಣುತ್ತದೆ.

ಇನ್ನು, ಬೆಲ್ಲಾಳನ್ನು ಪ್ರೀತಿಸುವ ವ್ಯಾಂಪೈರ್ ಎಡ್ವರ್ಡ್ ಬಗ್ಗೆ, "ಅವನು 1901ರಲ್ಲಿ ಹುಟ್ಟಿದವನು, ಹಳೆಯ ಕಾಲದವನು, ಅವನದು ದಬ್ಬಾಳಿಕೆಯಲ್ಲ, ಕಾಳಜಿ" ಎಂಬ ವಾದ. ಅತಿ ಹೆಚ್ಚು ಕೇಳಿಬಂದದ್ದು ಇದೇ, ನನಗೆ ಹೇಳಲಿಕ್ಕಿರುವುದೂ ಇಲ್ಲೇ ಹೆಚ್ಚು. ಅವರಿಬ್ಬರ ನಡುವೆ ಪ್ರೀತಿಯ ಮಾತು ಆಗುವ ಮೊದಲೇ ಅವನು ರಾತ್ರಿ ಅವಳ ಕೋಣೆಗೆ ನುಸುಳಿ, ಅವಳು ನಿದ್ರಿಸುವುದನ್ನು ನೋಡುತ್ತಾ ಕೂತಿರುತ್ತಾನೆ. ವಿಷಯ ತಿಳಿದಾಗ ನಿದ್ದೆಯಲ್ಲಿ ತಾನು ಏನು ಬಡಬಡಿಸಿದೆನೋ ಎಂಬ ನಾಚಿಕೆಯೇ ಬೆಲ್ಲಾಳಿಗೆ ದೊಡ್ಡದಾಗುತ್ತದೆ. ಯಾವ ಹಳೆಯ ಕಾಲದ ಮರ್ಯಾದಸ್ಥ ಹೀಗೆ ಮಾಡುತ್ತಿದ್ದ? ಅವನು ಮನುಷ್ಯನಾಗಿ ಬದುಕಿದ್ದ 1918ರ ಷಿಕಾಗೋದಲ್ಲೂ ಇದಕ್ಕೆ ಒಪ್ಪಿಗೆ ಇರಲಿಲ್ಲ.

2007ರ 'ಎಕ್ಲಿಪ್ಸ್'ನಲ್ಲಿ ಇನ್ನೊಂದು ಪ್ರಸಂಗವಿದೆ. ಗೆಳೆಯ ಜೇಕಬ್‌ನನ್ನು ನೋಡಲು ಹೊರಟ ಬೆಲ್ಲಾ ತನ್ನ ಹಳೆಯ ಟ್ರಕ್ ಹತ್ತುತ್ತಾಳೆ. ಗಾಡಿ ಸ್ಟಾರ್ಟ್ ಆಗುವುದಿಲ್ಲ. ಪಕ್ಕಕ್ಕೆ ತಿರುಗಿದರೆ ಎಡ್ವರ್ಡ್ ಕೂತಿದ್ದಾನೆ. ಎಂಜಿನ್ನಿನಿಂದ ಕಿತ್ತ ಬಿಡಿಭಾಗ ಅವನ ಕೈಯಲ್ಲೇ ಇದೆ. ಜೇಕಬ್ ತೋಳವಾಗಿ ಮಾರ್ಪಡುವವನು, ಅಪಾಯ ಎಂಬುದು ಎಡ್ವರ್ಡ್‌ನ ಸಮರ್ಥನೆ. ರಾತ್ರಿ ನಾನು ಬರುವುದು ಬೇಡವಾದರೆ ಕಿಟಕಿ ಮುಚ್ಚಿಬಿಡು ಎಂದು ಅವನು ಹೇಳಿಹೋಗುತ್ತಾನೆ. ಬೆಲ್ಲಾ ಸಿಟ್ಟಿನಿಂದ ಹೋಗಿ ಕಿಟಕಿಯನ್ನು ದಢಾರನೆ ಮುಚ್ಚುತ್ತಾಳೆ. ಇಲ್ಲಿ ನಾನು ಉಸಿರು ಬಿಗಿಹಿಡಿದಿದ್ದೆ. ಈ ಹುಡುಗಿ ಈಗ ಯೋಚಿಸುತ್ತಾಳೆ ಅಂದುಕೊಂಡೆ. ಸ್ವಲ್ಪ ಹೊತ್ತು ನಿಂತು, ನಿಟ್ಟುಸಿರಿಟ್ಟು, ಅವಳೇ ಕಿಟಕಿಯನ್ನು ಪೂರ್ತಿ ತೆರೆಯುತ್ತಾಳೆ.

"ತೆರೆದದ್ದು ಅವಳ ಆಯ್ಕೆ" ಎನ್ನುತ್ತೀರಿ. ಹೌದು, ಅವಳು ತೆರೆಯಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಹದಿಹರೆಯದಲ್ಲಿ ಎಷ್ಟೋ ಜನ ತೆರೆಯುತ್ತಾರೆ. ಕಿಟಕಿ ಮುಚ್ಚಿದ್ದಕ್ಕೂ ತೆರೆದದ್ದಕ್ಕೂ ನಡುವೆ ಅವಳ ಮನಸ್ಸಿನಲ್ಲಿ ಏನು ನಡೆಯಿತು ಎಂಬುದೇ ಕಾದಂಬರಿಯ ಕೆಲಸವಾಗಿತ್ತು. ಕಥೆ ಹೇಳುತ್ತಿರುವವಳೂ ಬೆಲ್ಲಾಳೇ. ಅಂಥಲ್ಲಿ ಪುಸ್ತಕ ಅವಸರವಸರವಾಗಿ ಮುಂದಕ್ಕೆ ಹೋಗಿಬಿಡುತ್ತದೆ. ಮುಂದೆ ಎಡ್ವರ್ಡ್ ಪಟ್ಟು ಸಡಿಲಿಸಿ, ಅವಳು ಜೇಕಬ್‌ನನ್ನು ನೋಡಲಿ ಎಂದು ಒಪ್ಪುವುದೂ ನಿಜ. ಅದಕ್ಕೆ ಮೊದಲು ಒಂದು ಪೋರ್ಷೆ ಕಾರು ಕೊಟ್ಟು, ತಾನಿಲ್ಲದಾಗ ಅವಳನ್ನು ಮನೆಯಲ್ಲೇ ಹಿಡಿದಿಡುವಂತೆ ತಂಗಿ ಆಲಿಸ್‌ಳನ್ನು ಒಪ್ಪಿಸಿರುತ್ತಾನೆ ಎಂಬುದನ್ನು ಮರೆಯದಿದ್ದರೆ ಸಾಕು.

"ಓದಿದ ಹುಡುಗಿಯರು ಕೆಟ್ಟುಹೋದರೇ?" ಎಂದೂ ಕೇಳಿದ್ದಾರೆ. ಇಲ್ಲ, ಕೆಡುತ್ತಾರೆಂದು ನಾನು ಹೇಳಿಯೂ ಇರಲಿಲ್ಲ. ಓದುಗರ ವಿವೇಕದ ಬಗ್ಗೆ ನನಗೆ ಅನುಮಾನವಿಲ್ಲ.

"ಜೇಕಬ್‌ನ ಕ್ವಿಲಿಯೂಟ್ ಬುಡಕಟ್ಟಿನ ಹೆಸರು ಲೋಕಕ್ಕೆ ಗೊತ್ತಾದದ್ದೇ ಈ ಪುಸ್ತಕದಿಂದ" ಎಂಬ ಮಾತು ಮಾತ್ರ ನೋವು ಕೊಟ್ಟಿತು. ವಾಷಿಂಗ್ಟನ್ ರಾಜ್ಯದ ಕಡಲಂಚಿನಲ್ಲಿ, ಲಾ ಪುಷ್ ಎಂಬಲ್ಲಿ ಬದುಕುತ್ತಿರುವ ನಿಜವಾದ ಜನ ಅವರು. ತೋಳಗಳಿಂದ ಮನುಷ್ಯರಾದೆವು ಎಂಬ ಮೂಲಕಥೆ ಅವರದ್ದೇ. ವ್ಯಾಂಪೈರ್‌ಗಳ ಜತೆಗಿನ ವೈರ ಮಾತ್ರ ಮೆಯರ್ ಸೇರಿಸಿದ್ದು. ಸುನಾಮಿಯ ಭಯದಿಂದ ಎತ್ತರದ ನೆಲಕ್ಕೆ ಹೋಗಲು ಆ ಜನ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2012ರಲ್ಲಿ ಅಮೆರಿಕದ ಸಂಸತ್ತು ರಾಷ್ಟ್ರೀಯ ಉದ್ಯಾನದ 785 ಎಕರೆ ಅವರಿಗೆ ಕೊಟ್ಟಿತು. ಜೇಕಬ್‌ನ ಊರಿನ ಈ ಆತಂಕ ನಾಲ್ಕು ಭಾಗಗಳಲ್ಲಿ ಎಲ್ಲೂ ಕಾಣುವುದಿಲ್ಲ. ಹೆಸರಷ್ಟೇ ಎರವಲು ಪಡೆದು ಬದುಕನ್ನು ಬಿಟ್ಟರೆ ಅದನ್ನು ಉಪಕಾರ ಎನ್ನಲಾರೆ.

ಕೊನೆಯದಾಗಿ, ಲೇಖಕಿಯೇ ಕೊಟ್ಟ ಉತ್ತರ. ಬೆಲ್ಲಾ ಸದಾ ಕಾಪಾಡಿಸಿಕೊಳ್ಳುವ ಅಬಲೆ ಎಂಬ ಟೀಕೆಗೆ ಪ್ರತಿಯಾಗಿ ಮೆಯರ್ 2015ರಲ್ಲಿ, ಕಾದಂಬರಿಯ ಹತ್ತನೇ ವರ್ಷಕ್ಕೆ, ಗಂಡು ಹೆಣ್ಣಿನ ಪಾತ್ರ ಅದಲುಬದಲು ಮಾಡಿ 'ಲೈಫ್ ಅಂಡ್ ಡೆತ್' ಬರೆದರು. ಹುಡುಗ ಬೋ ಮನುಷ್ಯ, ಹುಡುಗಿ ಈಡಿತ್ ವ್ಯಾಂಪೈರ್. ಕಥೆ ಬದಲಾಗಲಿಲ್ಲ ನೋಡಿ ಎಂದು ಇದನ್ನು ನನ್ನ ಮುಂದೆ ಹಿಡಿದವರು ಕೊನೆಯ ಅಧ್ಯಾಯಗಳನ್ನು ಮತ್ತೆ ಓದಬೇಕು. ಅಲ್ಲಿ ಬೋ ಮೊದಲ ಪುಸ್ತಕದಲ್ಲೇ ವ್ಯಾಂಪೈರ್ ಆಗುತ್ತಾನೆ. ಅಪ್ಪ ಅಮ್ಮನ ಪಾಲಿಗೆ ಸತ್ತವನಾಗುತ್ತಾನೆ. ತನ್ನದೇ ಶವಸಂಸ್ಕಾರವನ್ನು ದೂರದಿಂದ ಮರೆಯಲ್ಲಿ ನಿಂತು ನೋಡುತ್ತಾನೆ. ಅದು ಓದುವಾಗ ನನ್ನ ಗಂಟಲು ಕಟ್ಟಿತು.

ಬೆಲ್ಲಾಳಿಗೂ ಮೂರು ಪುಸ್ತಕಗಳುದ್ದಕ್ಕೂ ಇದೇ ಎಚ್ಚರಿಕೆ ಕೊಡುತ್ತಾ ಬರಲಾಗಿತ್ತು: ಹೆತ್ತವರನ್ನು ಬಿಡಬೇಕು, ಮಕ್ಕಳ ಆಸೆ ಬಿಡಬೇಕು, ಮೊದಲ ವರ್ಷ ರಕ್ತದ ದಾಹ ಹುಚ್ಚು ಹಿಡಿಸುತ್ತದೆ. 2008ರ 'ಬ್ರೇಕಿಂಗ್ ಡಾನ್'ನಲ್ಲಿ ಅವಳಿಗೆ ಮಗಳು ಹುಟ್ಟುತ್ತಾಳೆ, ದಾಹ ಮೊದಲ ದಿನದಿಂದಲೇ ಹಿಡಿತಕ್ಕೆ ಬರುತ್ತದೆ, ಚಾರ್ಲಿ ಮನೆಗೆ ಬಂದುಹೋಗುತ್ತಲೇ ಇರುತ್ತಾನೆ. ಜೇಕಬ್‌ನ ಬೆಲ್ಲಾಳನ್ನು ಪ್ರೀತಿಸಿ ಒಡೆದ ಮನಸ್ಸನ್ನೂ, ಅವನು ಆ ಹಸುಗೂಸಿಗೇ ಜನ್ಮದ ನಂಟು ಬೀಳುವಂತೆ ಮಾಡಿ, ಸರಿಪಡಿಸಲಾಗುತ್ತದೆ. ಮೂರು ಭಾಗ ಹೇಳುತ್ತಾ ಬಂದ ಬೆಲೆಯನ್ನು ನಾಲ್ಕನೆಯದು ಮನ್ನಾ ಮಾಡಿತು. ಹುಡುಗ ಹೊರಬಲ್ಲ ದುಃಖವನ್ನು ಹುಡುಗಿ ಹೊರಲಾರಳು ಎಂದು ಯಾಕೆ ತೀರ್ಮಾನವಾಯಿತು? ನನ್ನನ್ನು ಟೀಕಿಸಿದವರು ಈ ಎರಡು ಅಂತ್ಯಗಳನ್ನು ಅಕ್ಕಪಕ್ಕ ಇಟ್ಟು ಓದಿ, ಈ ಪ್ರಶ್ನೆಗೆ ಉತ್ತರ ಬರೆಯಲಿ.