ಹಾರಿಹೋದವರು ಮತ್ತು ಉಳಿದವರು: ಇಗ್ಬೊ ಲ್ಯಾಂಡಿಂಗಿನ ಸ್ಮರಣೆ

ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಿಕ್ ಕರಾವಳಿಯಲ್ಲಿ ಸೇಂಟ್ ಸೈಮನ್ಸ್ ಎಂಬ ದ್ವೀಪವಿದೆ. ಅಲ್ಲಿ ಸಮುದ್ರದ ಉಬ್ಬರವಿಳಿತದೊಡನೆ ಏರಿ ಇಳಿಯುವ ಡನ್‌ಬಾರ್ ತೊರೆಯ ಒಂದು ದಡವನ್ನು ದ್ವೀಪದ ಕಪ್ಪು ಜನರು ತಲೆಮಾರುಗಳಿಂದ ‘ಇಗ್ಬೊ ಲ್ಯಾಂಡಿಂಗ್’ ಎಂದು ಕರೆಯುತ್ತ ಬಂದಿದ್ದಾರೆ. ಇಗ್ಬೊಗಳು ಬಂದಿಳಿದ ತಾಣ ಎಂಬುದು ಅದರ ಅರ್ಥ. ಆದರೆ ಆ ಹೆಸರಿನ ಹಿಂದಿರುವುದು ಇಳಿದವರ ಕಥೆಗಿಂತ ಹೆಚ್ಚಾಗಿ ಇಳಿಯಲೊಪ್ಪದವರ ಕಥೆ.

1803ರ ಮೇ ತಿಂಗಳಲ್ಲಿ, ಇಂದಿನ ನೈಜೀರಿಯಾದ ಆಗ್ನೇಯ ಭಾಗದ ಇಗ್ಬೊ ಜನಾಂಗಕ್ಕೆ ಸೇರಿದ ಸುಮಾರು 75 ಮಂದಿ ಸೆರೆಯಾಳುಗಳನ್ನು ಸವನ್ನಾ ನಗರದಲ್ಲಿ ಮಾರಲಾಯಿತು. ಆಫ್ರಿಕದಿಂದ ಗುಲಾಮರನ್ನು ತರಿಸುವುದನ್ನು ಜಾರ್ಜಿಯಾದ ಸಂವಿಧಾನ 1798ರಲ್ಲಿಯೇ ನಿಷೇಧಿಸಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಕೊಂಡವರು ಜಾನ್ ಕೂಪರ್ ಮತ್ತು ಥಾಮಸ್ ಸ್ಪಾಲ್ಡಿಂಗ್ ಎಂಬ ತೋಟದ ಒಡೆಯರು. ಸಣ್ಣ ಹಡಗೊಂದರಲ್ಲಿ ತುಂಬಿ ದ್ವೀಪಕ್ಕೆ ಸಾಗಿಸುತ್ತಿದ್ದಾಗ ಸೆರೆಯಾಳುಗಳು ತಿರುಗಿಬಿದ್ದರು. ಕಾವಲಿನ ಬಿಳಿಯರು ನೀರುಪಾಲಾದರು. ಹಡಗು ತೊರೆಯ ದಡಕ್ಕೆ ಸಿಕ್ಕಿಕೊಂಡಿತು. ಇಗ್ಬೊಗಳು ಜೌಗಿನೊಳಕ್ಕೆ ನಡೆದರು. ಗುಲಾಮರ ವ್ಯಾಪಾರಿಯೊಬ್ಬನ ಪತ್ರದ ಪ್ರಕಾರ ಮುಳುಗಿ ಸತ್ತವರು ಹತ್ತು ಹನ್ನೆರಡು ಮಂದಿ. ಬದುಕಿ ಸೆರೆಸಿಕ್ಕವರನ್ನು ತೋಟಗಳಿಗೆ ಒಯ್ಯಲಾಯಿತು. ಲಿಖಿತ ದಾಖಲೆ ಹೇಳುವುದು ಇಷ್ಟು.

ಜನಪದರು ಹೇಳುವುದು ಬೇರೆ. ಅವರ ಕಥನದಲ್ಲಿ ಇಗ್ಬೊಗಳೆಲ್ಲರೂ ತಮ್ಮ ನಾಯಕನ ಹಿಂದೆ ಸಾಲಾಗಿ, ಹಾಡುತ್ತ, ನೀರಿನೊಳಗೆ ನಡೆದುಹೋದರು. ಇನ್ನೊಂದು ಪಾಠದಲ್ಲಿ ಅವರು ಮುಳುಗಲೇ ಇಲ್ಲ. ರೆಕ್ಕೆ ಪಡೆದು ಆಫ್ರಿಕಕ್ಕೆ ಮರಳಿ ಹಾರಿಹೋದರು. ಈ ಬಗೆಯ ಕಥನಗಳನ್ನು ಜಾರ್ಜಿಯಾ ಲೇಖಕರ ಯೋಜನೆಯ ಸವನ್ನಾ ಘಟಕವು ಕರಾವಳಿಯ ವೃದ್ಧರಿಂದ ಕೇಳಿ ಬರೆದುಕೊಂಡು 1940ರಲ್ಲಿ ‘ಡ್ರಮ್ಸ್ ಅಂಡ್ ಶ್ಯಾಡೋಸ್’ ಎಂಬ ಗ್ರಂಥವಾಗಿ ಪ್ರಕಟಿಸಿತು. ಆ ವೃದ್ಧರ ಗಲ್ಲಾ ನುಡಿಯನ್ನು ಬಹುಕಾಲ ಕೆಟ್ಟ ಇಂಗ್ಲಿಷೆಂದೇ ಎಣಿಸಲಾಗಿತ್ತು. ಅದರಲ್ಲಿ ಆಫ್ರಿಕದ ಹಲವು ಭಾಷೆಗಳ ಪದಸಂಪತ್ತು ಜೀವಂತವಾಗಿದೆಯೆಂದು ಲೊರೆಂಝೊ ಡೌ ಟರ್ನರ್ 1949ರ ತಮ್ಮ ಗ್ರಂಥದಲ್ಲಿ ಸಾಧಿಸಿ ತೋರಿಸಬೇಕಾಯಿತು.

ಇಂತಹ ಘಟನೆಯನ್ನು ಸ್ಮರಿಸುವಾಗ ಏನನ್ನು ಸ್ಮರಿಸಬೇಕು? ದಾಖಲೆಯನ್ನೋ ಐತಿಹ್ಯವನ್ನೋ? ಇತಿಹಾಸಕಾರರ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹನ್ನೆರಡು ಮಂದಿಯ ಸಾವನ್ನು ಎಪ್ಪತ್ತೈದು ಮಂದಿಯ ಸಾವಾಗಿ ಹಿಗ್ಗಿಸಿದರೆ, ಸಾವನ್ನು ಹಾರಾಟವಾಗಿಸಿದರೆ, ಗುಲಾಮಗಿರಿಯ ಕ್ರೌರ್ಯವೇ ಮಸುಕಾಗುವ ಅಪಾಯವುಂಟು. ಸತ್ಯವನ್ನು ಅಲಂಕರಿಸಿದವರು ಮುಂದೊಂದು ದಿನ ಸತ್ಯವನ್ನೇ ಅಲ್ಲಗಳೆಯುವವರ ಕೈಗೆ ಆಯುಧ ಕೊಟ್ಟಂತಾಗುತ್ತದೆ.

ಆದರೆ ಈ ಆಕ್ಷೇಪ ಒಂದು ಮುಖ್ಯ ಸಂಗತಿಯನ್ನು ಮರೆಯುತ್ತದೆ. ಆ ಪತ್ರವನ್ನು ಬರೆದವನು ಸೆರೆಯಾಳುಗಳನ್ನು ಸರಕೆಂದು ಬಗೆದ ವ್ಯಾಪಾರಿ. ಎಷ್ಟು ಮಂದಿ ಸತ್ತರೆಂಬ ಅವನ ಲೆಕ್ಕ ನಷ್ಟದ ಲೆಕ್ಕ. ಅದು ಸುಳ್ಳೆನ್ನಲು ಕಾರಣವಿಲ್ಲ. ಪೂರ್ಣ ಸತ್ಯವೆನ್ನಲೂ ಕಾರಣವಿಲ್ಲ. ದಂಗೆಯೆದ್ದ ಒಬ್ಬನ ಹೆಸರೂ ಅದರಲ್ಲಿಲ್ಲ. 1839ರ ಅಮಿಸ್ಟಾಡ್ ದಂಗೆಯೊಡನೆ ಹೋಲಿಸಿದರೆ ಈ ಅಂತರ ಸ್ಪಷ್ಟವಾಗುತ್ತದೆ. ಅಲ್ಲಿ ನ್ಯಾಯಾಲಯದ ವಿಚಾರಣೆ ನಡೆಯಿತು. 1841ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಂಡಾಯಗಾರರ ಪರವಾಗಿ ತೀರ್ಪಿತ್ತಿತು. ನಾಯಕ ಸೆಂಗ್ಬೆ ಪಿಯೆಯ ಹೆಸರು, ಚಿತ್ರ, ಮಾತು ಉಳಿದವು. 1992ರಲ್ಲಿ ನ್ಯೂ ಹೇವನ್ ನಗರದಲ್ಲಿ ಸ್ಮಾರಕವೂ ಎದ್ದಿತು. ಡನ್‌ಬಾರ್ ತೊರೆಯವರಿಗೆ ನ್ಯಾಯಾಲಯವಿರಲಿಲ್ಲ. ಜನರ ನಾಲಗೆಯೇ ಅವರ ದಾಖಲೆಯಾಯಿತು. ಅಟ್ಲಾಂಟಿಕ್ ದಾಟಿದ ಗುಲಾಮ ಹಡಗುಗಳಲ್ಲಿ ಸುಮಾರು ಹತ್ತರಲ್ಲೊಂದರಲ್ಲಿ ದಂಗೆ ನಡೆದಿರಬೇಕೆಂದು ಇತಿಹಾಸಕಾರರು ಅಂದಾಜಿಸಿದ್ದಾರೆ. ಅವುಗಳಲ್ಲಿ ಬಹುಪಾಲಿಗೆ ನಾಲಗೆಯ ಆಸರೆಯೂ ಒದಗಲಿಲ್ಲ.

ಕನ್ನಡ ಅಧ್ಯಯನಕಾರರಿಗೆ ಈ ಸಮಸ್ಯೆ ಅಪರಿಚಿತವಲ್ಲ. ಕನ್ನಡನಾಡಿನ ವೀರಗಲ್ಲನ್ನು ಕಂಡವರೆಲ್ಲ ಅದರ ರಚನೆಯನ್ನು ಬಲ್ಲರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ; ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಆಕಾಶಕ್ಕೇರುತ್ತಾರೆ; ಮೇಲಿನ ಪಟ್ಟಿಕೆಯಲ್ಲಿ ಆತ ದೇವರ ಸನ್ನಿಧಿಯಲ್ಲಿ ಕುಳಿತಿದ್ದಾನೆ. ಬರಹವಿರುವ ಕಲ್ಲುಗಳಲ್ಲಿ ಅರಸನ ಹೆಸರು, ಊರು, ಹೋರಾಟದ ಕಾರಣ ಕಂಡುಬರುತ್ತವೆ. ಶಾಸನತಜ್ಞ ಅಕ್ಷರವನ್ನು ಓದಿ ಕಾಲ ನಿರ್ಣಯಿಸುತ್ತಾನೆ; ವೀರ ನಿಜವಾಗಿ ಹಾರಿದನೇ ಎಂದು ಯಾರೂ ಕೇಳುವುದಿಲ್ಲ. ಹಾಗೆಂದು ಅಪ್ಸರೆಯರ ಪಟ್ಟಿಕೆಯನ್ನು ಒಡೆದು ತೆಗೆಯಬೇಕೆಂದೂ ಯಾರೂ ಹೇಳುವುದಿಲ್ಲ. ಏನು ನಡೆಯಿತೆಂಬುದಕ್ಕೆ ಅಕ್ಷರ ಉತ್ತರ. ಆ ಸಾವಿಗೆ ಊರು ಕಟ್ಟಿದ ಬೆಲೆಗೆ ಶಿಲ್ಪ ಉತ್ತರ. ಎರಡೂ ಒಂದೇ ಕಲ್ಲಿನ ಮೇಲೆ ಇವೆ. ಇಗ್ಬೊ ಲ್ಯಾಂಡಿಂಗಿನ ಸ್ಮರಣೆಗೆ ಇದಕ್ಕಿಂತ ಯೋಗ್ಯವಾದ ಮಾದರಿ ಸಿಗುವುದು ಕಷ್ಟ.

ಆದರೂ ಒಂದು ಎಚ್ಚರಿಕೆ ಅಗತ್ಯ. ಹಾರಿಹೋದವರ ಕಥೆಯನ್ನು ಹೇಳಿದವರು ಹಾರಲಾಗದೆ ಉಳಿದವರು. ಜೌಗಿನಿಂದ ಹಿಡಿದು ತಂದವರು ತೋಟಗಳಲ್ಲಿ ಹತ್ತಿ ಬೆಳೆದರು, ಮಕ್ಕಳನ್ನು ಹೆತ್ತರು, ಸತ್ತರು. ಅವರೂ ಅವರ ಸಂಗಡಿಗರೂ ಹೇಳದಿದ್ದಲ್ಲಿ ಈ ಕಥೆ ಉಳಿಯುತ್ತಿರಲಿಲ್ಲ. ಟೋನಿ ಮಾರಿಸನ್ನರ ‘ಸಾಂಗ್ ಆಫ್ ಸಾಲೊಮನ್’ (1977) ಕಾದಂಬರಿ ಹಾರಿಹೋದವನ ವೈಭವದ ಜೊತೆಗೆ, ಅವನು ಬಿಟ್ಟುಹೋದ ಹೆಂಡತಿ ಮಕ್ಕಳ ಅಳಲನ್ನೂ ಕೇಳಿಸುತ್ತದೆ. ಪಾಲ್ ಮಾರ್ಷಲ್ಲರ ‘ಪ್ರೈಸ್‌ಸಾಂಗ್ ಫಾರ್ ದ ವಿಡೋ’ (1983) ಕಾದಂಬರಿಯಲ್ಲಿ ಇಗ್ಬೊಗಳ ಕಥೆಯನ್ನು ಎಳೆಯ ಹುಡುಗಿಗೆ ದಾಟಿಸುವವಳು ಒಬ್ಬ ಮುದುಕಿ. ಪ್ರತಿಭಟಿಸಿ ಸತ್ತವರನ್ನು ಮಾತ್ರ ಸ್ಮರಿಸುವ ಸಮಾರಂಭವು ಬದುಕಿ ಸಹಿಸಿದವರನ್ನು ಎರಡನೆಯ ಬಾರಿ ಅವಮಾನಿಸಿದಂತೆ.

ಈ ದೃಷ್ಟಿಯಿಂದ ನೋಡಿದಾಗ ದ್ವೀಪದಲ್ಲಿ ನಡೆದುಬಂದ ಸ್ಮರಣೆಯ ಇತಿಹಾಸವೂ ಅರ್ಥಪೂರ್ಣವಾಗುತ್ತದೆ. 1940ರ ದಶಕದಲ್ಲಿ, ಕಪ್ಪು ಜನರ ವಿರೋಧವನ್ನು ಲೆಕ್ಕಿಸದೆ, ಈ ತಾಣದ ಪಕ್ಕದಲ್ಲಿಯೇ ಕೊಳಚೆ ನೀರಿನ ಘಟಕವನ್ನು ಕಟ್ಟಲಾಯಿತು. 2002ರ ಸೆಪ್ಟೆಂಬರಿನಲ್ಲಿ ದ್ವೀಪದ ಕಪ್ಪು ಸಮುದಾಯವೇ ಎರಡು ದಿನಗಳ ಸ್ಮರಣೆಯನ್ನು ಏರ್ಪಡಿಸಿತು. ನೈಜೀರಿಯಾ, ಬೆಲೀಜ್, ಹೈಟಿಗಳಿಂದಲೂ ಜನ ಬಂದರು. ಮೆರವಣಿಗೆಯಲ್ಲಿ ನಡೆದುಹೋಗಿ ಆ ದಡವನ್ನು ಪವಿತ್ರ ಭೂಮಿಯೆಂದು ಸಾರಿ ಸತ್ತವರ ಆತ್ಮಗಳಿಗೆ ಶಾಂತಿ ಕೋರಿದರು. ಬಂದವರ ಸಂಖ್ಯೆಯೂ 75. ಜಾರ್ಜಿಯಾ ಇತಿಹಾಸ ಸಂಸ್ಥೆಯ ಅಧಿಕೃತ ಫಲಕ ಬಂದದ್ದು 2022ರಲ್ಲಿ, ಘಟನೆ ನಡೆದು 219 ವರ್ಷಗಳ ಮೇಲೆ. ಅದಕ್ಕಾಗಿ ಶ್ರಮಿಸಿದವರಲ್ಲಿ ಗ್ಲಿನ್ ಅಕಾಡೆಮಿಯ ಶಾಲಾ ವಿದ್ಯಾರ್ಥಿಗಳು ಮುಂದಿದ್ದರು. ಸರ್ಕಾರಗಳು ಮರೆತದ್ದನ್ನು ಸಮುದಾಯ ನೆನೆಯಿತು. ಸಮುದಾಯ ನೆನೆದದ್ದನ್ನು ಮಕ್ಕಳು ಕಲಿತರು. ಈ ಕ್ರಮದಲ್ಲಿ ನಡೆದ ಸ್ಮರಣೆ ಮಾತ್ರ ಬಾಳುತ್ತದೆ. ಫಲಕವೊಂದೇ ಸಾಲದು. ಸಮುದ್ರತೀರದ ನೆಲದ ಬೆಲೆ ಏರಿದಂತೆ ಗಲ್ಲಾ ಗೀಚೀ ಕುಟುಂಬಗಳು ತಮ್ಮ ಹಿರಿಯರ ಭೂಮಿಯನ್ನು ಕಳೆದುಕೊಳ್ಳುತ್ತಿವೆ. ಕಥೆ ಹೇಳುವವರೇ ಇಲ್ಲದ ಊರಿನಲ್ಲಿ ಫಲಕವು ಪ್ರವಾಸಿಗರ ಕುತೂಹಲಕ್ಕಷ್ಟೇ ಉಳಿದೀತು.

ಈ ಮಾತು ಅಟ್ಲಾಂಟಿಕ್ ತೀರಕ್ಕಷ್ಟೇ ಸೀಮಿತವಲ್ಲ. ಅರಬ್ಬೀ ಸಮುದ್ರದಲ್ಲಿಯೂ ಗುಲಾಮರ ಹಡಗುಗಳು ಸಂಚರಿಸಿದವು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿಗಳ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಬಂದು ಘಟ್ಟದ ಕಾಡು ಸೇರಿದರೆಂಬುದು ವಿದ್ವಾಂಸರ ಅಭಿಪ್ರಾಯ. ಗುಲಾಮನಾಗಿ ಬಂದು ಅಹಮದ್‌ನಗರದ ರಾಜ್ಯಸೂತ್ರ ಹಿಡಿದ ಮಲಿಕ್ ಅಂಬರನನ್ನು ದಖ್ಖನಿನ ಇತಿಹಾಸ ಮರೆತಿಲ್ಲ. ಕಾಡು ಸೇರಿದವರಿಗೆ ಆ ಭಾಗ್ಯ ದೊರೆಯಲಿಲ್ಲ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಅದು ಹಕ್ಕಿನ ಮಾತು. ನೆನಪಿನ ಮಾತು ಇನ್ನೂ ಬಾಕಿಯಿದೆ. ಅವರ ಡಮಾಮಿ ವಾದನವನ್ನು ಉತ್ಸವಗಳ ವೇದಿಕೆಗೆ ಕರೆತರುವುದು ಸುಲಭ. ಅವರ ಹಿರಿಯರು ಹೇಳುವ ಕಥೆಯನ್ನು ಅವರದೇ ನುಡಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳುವುದು ಕಷ್ಟದ ಕೆಲಸ. ಕನ್ನಡ ವಿಭಾಗಗಳು ಎಲ್ಲಿಯೇ ಇರಲಿ, ಮುಂಬಯಿಯಲ್ಲಿರಲಿ ಧಾರವಾಡದಲ್ಲಿರಲಿ, ಕೈಗೊಳ್ಳಬೇಕಾದದ್ದು ಈ ಎರಡನೆಯ ಕೆಲಸವನ್ನು. ಕಥೆ ಬಲ್ಲ ವೃದ್ಧರು ಇನ್ನೂ ಇರುವಾಗಲೇ ಅದು ನಡೆಯಬೇಕು.