ಓದುವ ಮಕ್ಕಳಿಗೆ ಮೆಟ್ರೋ ಪಾಸ್ ಯಾಕಿಲ್ಲ?

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ನಾಗರಬಾವಿ, ಕೆಂಗೇರಿಯ ನೆರೆಹೊರೆಯವರೇ,

ನಮ್ಮ ಮೆಟ್ರೋ ನಡೆಸುವ ನಿಗಮಕ್ಕೆ ಇಬ್ಬರು ಒಡೆಯರು. ಅರ್ಧ ಪಾಲು ಕೇಂದ್ರ ಸರ್ಕಾರದ್ದು, ಇನ್ನರ್ಧ ರಾಜ್ಯ ಸರ್ಕಾರದ್ದು. ಓದುವ ಮಕ್ಕಳ ವಿಷಯದಲ್ಲಿ ಇಬ್ಬರೂ ಬೇರೆ ಕಡೆ ಕೈ ಬಿಗಿ ಹಿಡಿದವರಲ್ಲ. ಮನೆಯಿಂದ ಶಾಲೆ-ಕಾಲೇಜಿಗೆ ಹೋಗಿಬರಲು ಹೆಣ್ಣುಮಕ್ಕಳಿಗೆ ಪದವಿ ಮುಗಿಯುವವರೆಗೆ, ಗಂಡುಮಕ್ಕಳಿಗೆ ಹನ್ನೆರಡನೇ ತರಗತಿಯವರೆಗೆ ಎರಡನೇ ದರ್ಜೆಯ ಸೀಸನ್ ಟಿಕೆಟ್ ಉಚಿತ ಎಂದು ಕೇಂದ್ರದ ರೈಲ್ವೆ ಇಲಾಖೆ ನಿಯಮ ಮಾಡಿ ವರ್ಷಗಳೇ ಆದವು. ರಾಜ್ಯದ ಕಡೆಯಿಂದ ಬಿಎಂಟಿಸಿ ವಿದ್ಯಾರ್ಥಿ ಪಾಸ್ ಇದೆ. ರಾಜಾಜಿನಗರದ ಹಿರಿಯರಿಗೆ ಅದು ಬಿಟಿಎಸ್ ಕಾಲದಿಂದಲೇ ಗೊತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯೂ ಬಂದು, ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಪಾಸಿನ ಗೊಡವೆಯೇ ಇಲ್ಲವಾಯಿತು. ಆದರೆ ಇದೇ ಇಬ್ಬರು ಸೇರಿ ನಡೆಸುವ ಮೆಟ್ರೋದಲ್ಲಿ ವಿದ್ಯಾರ್ಥಿ ದರ ಅನ್ನುವುದೇ ಇಲ್ಲ. ಅಪ್ಪನೂ ಕೊಡುತ್ತಾನೆ, ಅಮ್ಮನೂ ಕೊಡುತ್ತಾಳೆ. ಇಬ್ಬರೂ ಪಾಲು ಹಾಕಿ ಇಟ್ಟ ಅಂಗಡಿಯಲ್ಲಿ ಮಾತ್ರ ಮಗ ಪೂರ್ತಿ ದುಡ್ಡು ಎಣಿಸಬೇಕು.

ಇದನ್ನು ಸರಿಪಡಿಸಿ ಎಂದು ನಾವೆಲ್ಲ ಒಟ್ಟಾಗಿ ಕೇಳೋಣ ಅನ್ನುವುದು ನನ್ನ ಮನವಿ. ಪುಕ್ಕಟೆ ಬೇಡ, ಅರ್ಧ ದರ ಸಾಕು. ಬಸ್ ಪಾಸನ್ನೂ ಒಂಚೂರು ಹಿಗ್ಗಿಸಬೇಕು. ಅದು ಯಾರಿಗಾಗಿ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ಲೆಕ್ಕ ನೋಡಿ. 2021ರ ಆಗಸ್ಟ್ ಕೊನೆಗೆ ನೇರಳೆ ಮಾರ್ಗ ಮೈಸೂರು ರಸ್ತೆಯಿಂದ ಕೆಂಗೇರಿಗೆ ಬಂತು. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟ ಮುಟ್ಟಿತು. ಕೆಂಗೇರಿ ಉಪನಗರದ ಎಷ್ಟೋ ಮನೆಗಳಲ್ಲಿ ಆಗ ಒಂದು ಧೈರ್ಯ ಬಂದದ್ದು ನಿಜ. ಮಗಳನ್ನು ಸೆಂಟ್ರಲ್ ಕಾಲೇಜಿಗೋ ನೃಪತುಂಗ ರಸ್ತೆಗೋ ಸೇರಿಸಬಹುದು, ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಎರಡು ತಾಸು ಸಾಯಬೇಕಿಲ್ಲ ಎಂದು. 2025ರ ಫೆಬ್ರವರಿಯಲ್ಲಿ ದರ ಏರಿತು. ಅತಿ ಹೆಚ್ಚಿನ ಟಿಕೆಟ್ 60 ರೂಪಾಯಿಂದ 90ಕ್ಕೆ ಹೋಯಿತು. ಜನ ಕೂಗಾಡಿದ ಮೇಲೆ ಕೆಲವು ಕಡೆ ಇಳಿಸಿದರು, ಆದರೆ ಮೇಲಿನ 90 ಹಾಗೇ ಉಳಿಯಿತು. ಕೆಂಗೇರಿಯಿಂದ ನಗರದ ನಡುವಿನ ಕಾಲೇಜಿಗೆ ಹೋಗುವ ಹುಡುಗಿಗೆ ಒಂದು ಕಡೆಗೆ ಹೆಚ್ಚುಕಡಿಮೆ 60 ರೂಪಾಯಿ. ಹೋಗಿಬರಲು 120. ತಿಂಗಳಿಗೆ 24 ದಿನ ಕಾಲೇಜು ಅಂದರೆ 2,880. ಸ್ಮಾರ್ಟ್ ಕಾರ್ಡಿನ ಶೇ 5ರ ಸೋಡಿ ಕಳೆದರೂ 2,700 ದಾಟುತ್ತದೆ. ಹತ್ತು ತಿಂಗಳ ಕಾಲೇಜು ವರ್ಷಕ್ಕೆ 27 ಸಾವಿರ. ಸರ್ಕಾರಿ ಪದವಿ ಕಾಲೇಜಿನ ಶುಲ್ಕದ ರಸೀದಿಯನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ, ಓದಿಗಿಂತ ಓಡಾಟವೇ ದುಬಾರಿ ಅನ್ನುವುದು ಗೊತ್ತಾಗುತ್ತದೆ. ಮನೆಯಲ್ಲಿ ಓದುವವರು ಇಬ್ಬರಿದ್ದರೆ ಆ ಮಾತೇ ಬೇಡ.

'ಬಸ್ಸಿದೆಯಲ್ಲ, ಹುಡುಗಿಯರಿಗಂತೂ ಫ್ರೀ' ಅನ್ನುವವರಿದ್ದಾರೆ. ಬಸ್ಸಿದೆ, ಇಲ್ಲವೆನ್ನುವುದಿಲ್ಲ. ಬೆಳಿಗ್ಗೆ ಎಂಟೂವರೆಗೆ ವಿಜಯನಗರ ಬಸ್ ನಿಲ್ದಾಣದ ಹೊರಗೋ ಬಸವೇಶ್ವರನಗರದ ಹಾವನೂರು ಸರ್ಕಲ್ಲಿನಲ್ಲೋ ಹತ್ತು ನಿಮಿಷ ನಿಂತು ನೋಡಿ. ಬಂದ ಬಸ್ಸು ಆಗಲೇ ಒಂದು ಪಕ್ಕಕ್ಕೆ ವಾಲಿರುತ್ತದೆ. ಹಿಂದಿನ ಬಾಗಿಲಲ್ಲಿ ಯೂನಿಫಾರಂ ಹಾಕಿದ ಹುಡುಗರು ಬ್ಯಾಗನ್ನು ಎದೆಗೆ ತಿರುಗಿಸಿಕೊಂಡು ಒಂದೇ ಕಾಲೂರಿ ಜೋತುಬಿದ್ದಿರುತ್ತಾರೆ. ಕಂಡಕ್ಟರ್ 'ಒಳಗ್ ಹೋಗ್ರೋ' ಎಂದು ಕೂಗುವುದು, ಒಳಗೆ ಹೋಗಲು ಜಾಗವೇ ಇಲ್ಲದಿರುವುದು, ಹುಡುಗಿಯರು ಈ ಬಸ್ ಬೇಡವೆಂದು ಹಿಂದೆ ಸರಿದು ಮುಂದಿನದಕ್ಕೆ ಕಾಯುವುದು, ದಿನಾ ನಡೆಯುವ ಕಥೆ. ಮುಂದಿನದು ಬರುವ ಹೊತ್ತಿಗೆ ಮೊದಲ ಪೀರಿಯಡ್ ಹೋಯಿತು. ಅಟೆಂಡೆನ್ಸ್ ಶೇ 75 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಅದೇ ಮಕ್ಕಳಿಗೆ ನೋಟೀಸು ಬೇರೆ. ವಿಜಯನಗರದಲ್ಲಂತೂ ಅವರ ತಲೆಯ ಮೇಲೆಯೇ ಮೆಟ್ರೋ ಸಾಗಿಹೋಗುತ್ತದೆ. ಮಧ್ಯಾಹ್ನ ಒಂದರಿಂದ ನಾಲ್ಕರೊಳಗೆ ಕೆಂಗೇರಿ ಕಡೆಗೆ ಬರುವ ರೈಲು ಹತ್ತಿದರೆ ಸೀಟಿಗೆ ಪರದಾಡಬೇಕಿಲ್ಲ. ಕಾಲೇಜು ಬಿಡುವುದೂ ಅದೇ ಹೊತ್ತಿಗೆ. ಆ ರೈಲು ಹೇಗೂ ಓಡಲೇಬೇಕು; ಕರೆಂಟು, ಸಿಬ್ಬಂದಿಯ ಖರ್ಚು ಆಗಲೇ ಆಗಿಹೋಗಿದೆ. ಖಾಲಿ ಸೀಟಿಗೆ 30 ರೂಪಾಯಿ ಬಂದರೆ ನಿಗಮಕ್ಕೆ ಲಾಭವೋ ನಷ್ಟವೋ? ಹೆಚ್ಚಿಸಿದ ದರಕ್ಕೆ ಹೆದರಿ ಪ್ರಯಾಣಿಕರು ಕಡಿಮೆಯಾದದ್ದನ್ನು ಕಂಡವರಿಗೆ ಈ ಪ್ರಶ್ನೆ ಕಷ್ಟದ್ದಲ್ಲ.

ಬೇರೆ ಊರುಗಳಲ್ಲಿ ಈ ಲೆಕ್ಕ ಹಾಕಿ ಆಗಿದೆ. ನಾಗಪುರ ಮೆಟ್ರೋದಲ್ಲಿ ವಿದ್ಯಾರ್ಥಿಗಳಿಗೆ ಶೇ 30 ಕಡಿತ, ಪುಣೆಯಲ್ಲೂ ಅಷ್ಟೇ. ಮುಂಬೈಯ ಎರಡು ಮಾರ್ಗಗಳಲ್ಲಿ 2023ರ ಮೇ ತಿಂಗಳಿಂದ ಹನ್ನೆರಡನೇ ತರಗತಿಯವರೆಗಿನ ಮಕ್ಕಳಿಗೆ ಶೇ 25. ಕೊಚ್ಚಿಯಲ್ಲಿ 2025ರಲ್ಲಿ ವಿದ್ಯಾರ್ಥಿ ಪಾಸ್ ಶುರುವಾಯಿತು, 1,100 ರೂಪಾಯಿಗೆ ತಿಂಗಳಲ್ಲಿ 50 ಸಲ ಓಡಾಡಬಹುದು. ಅವೂ ನಮ್ಮ ಹಾಗೆ ಸಾಲ ಮಾಡಿ ಕಟ್ಟಿದ ಮೆಟ್ರೋಗಳೇ. 'ದರ ನಿಗದಿ ಸಮಿತಿ ಹೇಳಿದಂತೆ ಕೇಳಬೇಕು, ನಮ್ಮ ಕೈಯಲ್ಲೇನಿಲ್ಲ' ಎಂಬ ಉತ್ತರ ನಮಗೆ ಬರಬಹುದು. 2002ರ ಮೆಟ್ರೋ ಕಾಯ್ದೆಯಲ್ಲಿ ಆ ಸಮಿತಿಯ ಶಿಫಾರಸಿಗೆ ಬಲವಿರುವುದು ಹೌದು. ಆದರೆ ಅದೇ ಕಾಯ್ದೆ ಇರುವ ದೇಶದಲ್ಲೇ ನಾಗಪುರ, ಪುಣೆ, ಮುಂಬೈ ಇವೆ. ಮನಸ್ಸಿದ್ದರೆ ದಾರಿಯಿದೆ. ದರವನ್ನು ಮುಟ್ಟದೆ, ರಿಯಾಯಿತಿಯ ಪಾಲನ್ನು ರಾಜ್ಯ ಸರ್ಕಾರ ನಿಗಮಕ್ಕೆ ತುಂಬಿಕೊಡುವುದೂ ಒಂದು ದಾರಿ.

ಈ ತುಂಬಿಕೊಡುವ ಮಾತನ್ನು ಮಾತ್ರ ಸುಮ್ಮನೆ ಬಿಡಬಾರದು. ಗಡಿಯಾಚೆ ಕಾಸರಗೋಡಿನ ನಮ್ಮ ಕನ್ನಡ ಮಕ್ಕಳನ್ನು ಕೇಳಿ. ಕೇರಳದಲ್ಲಿ ಖಾಸಗಿ ಬಸ್ಸಿನಲ್ಲೂ ವಿದ್ಯಾರ್ಥಿಗೆ ರಿಯಾಯಿತಿ ಕೊಡಲೇಬೇಕು, ಕನಿಷ್ಠ ದರ ಒಂದೇ ರೂಪಾಯಿ. ಕೇಳಲು ಚಂದ. ಆದರೆ ಆ ಹೊರೆ ಬೀಳುವುದು ಬಸ್ ಮಾಲೀಕನ ತಲೆಗೆ. ಮಾಲೀಕನ ಸಿಟ್ಟು ಕಂಡಕ್ಟರನಿಗೆ ಇಳಿಯುತ್ತದೆ, ಕಂಡಕ್ಟರನ ಸಿಟ್ಟು ಮಗುವಿನ ಮೇಲೆ. ಮಕ್ಕಳ ಗುಂಪು ಕಂಡರೆ ಸ್ಟಾಪಿನಿಂದ ಆಚೆ ಹೋಗಿ ನಿಲ್ಲಿಸುವುದು, ಸೀಟಿದ್ದರೂ ಕೂರಬೇಡ ಅನ್ನುವುದು, ವಿದ್ಯಾರ್ಥಿ ದರ ಏರಿಸಿ ಎಂದು ಮಾಲೀಕರು ಆಗಾಗ ಬಸ್ ನಿಲ್ಲಿಸುವುದು ಅಲ್ಲಿ ಹೊಸದೇನಲ್ಲ. ಇನ್ನೊಬ್ಬರ ಜೇಬಿನಿಂದ ರಿಯಾಯಿತಿ ಕೊಟ್ಟರೆ ಹೀಗಾಗುತ್ತದೆ. ನಮ್ಮಲ್ಲೂ ಸಾರಿಗೆ ನಿಗಮಗಳಿಗೆ ಸರ್ಕಾರ ಬಾಕಿ ಉಳಿಸಿಕೊಂಡ ಮಾತು ವಿಧಾನಮಂಡಲದಲ್ಲೇ ಎದ್ದಿದೆ. ಆದ್ದರಿಂದ ನಮ್ಮ ಬೇಡಿಕೆಯಲ್ಲಿ ಎರಡು ಮಾತೂ ಒಟ್ಟಿಗೆ ಇರಬೇಕು: ಅರ್ಧ ದರ ಕೊಡಿ, ಉಳಿದ ಅರ್ಧವನ್ನು ಬಜೆಟ್ಟಿನಲ್ಲಿ ಬರೆದು ತಿಂಗಳು ತಿಂಗಳು ಕಟ್ಟಿ.

ಇನ್ನು ನಮ್ಮ ಭಾಗಕ್ಕೇ ವಿಶೇಷವಾದ ಒಂದು ವರ್ಗವಿದೆ. ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್, ಹಂಪಿನಗರದ ಓಣಿಗಳಲ್ಲಿ ಪಿಜಿ ಬೋರ್ಡಿಲ್ಲದ ಬೀದಿ ಹುಡುಕಬೇಕು. ಕಲಬುರಗಿ, ರಾಯಚೂರು, ವಿಜಯಪುರ, ಬೆಳಗಾವಿಯಿಂದ ಬಂದ ಮಕ್ಕಳು ಅಲ್ಲಿ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುತ್ತಾರೆ. ಹಂಪಿನಗರದ ಸಾರ್ವಜನಿಕ ಗ್ರಂಥಾಲಯದ ಮುಂದೆ ಸಂಜೆ ಹೋದರೆ, ಗೇಟಿನ ಹತ್ತಿರ ಬೈಟು ಟೀ ಹಿಡಿದು 'ನೋಟಿಫಿಕೇಷನ್ ಯಾವಾಗ ಬರ್ತದಲೇ' ಎಂದು ಮಾತಾಡಿಕೊಳ್ಳುವ ಹುಡುಗರು ಕಾಣುತ್ತಾರೆ. ಊರಲ್ಲಿ ಅಪ್ಪ ಹತ್ತಿಯೋ ತೊಗರಿಯೋ ಮಾರಿ ಕಳಿಸಿದ ದುಡ್ಡು. ಅಧಿಸೂಚನೆ ತಡವಾಗುತ್ತದೆ, ಪರೀಕ್ಷೆ ಮುಂದೆ ಹೋಗುತ್ತದೆ, ಫಲಿತಾಂಶ ಕೋರ್ಟು ಮೆಟ್ಟಿಲೇರುತ್ತದೆ, ಪಿಜಿ ಬಾಡಿಗೆ ಮಾತ್ರ ಒಂದನೇ ತಾರೀಖು ತಪ್ಪುವುದಿಲ್ಲ. ಇವರು ದಿನವಿಡೀ ಓದುವವರು, ಆದರೆ ಸರ್ಕಾರದ ಕಣ್ಣಿಗೆ ವಿದ್ಯಾರ್ಥಿಗಳಲ್ಲ. ಕಾಲೇಜಿನ ಗುರುತಿನ ಚೀಟಿ ಇಲ್ಲದವನಿಗೆ ವಿದ್ಯಾರ್ಥಿ ಪಾಸ್ ಇಲ್ಲ. ಬಿಎಂಟಿಸಿಯ ಸಾಮಾನ್ಯ ಮಾಸಿಕ ಪಾಸ್ 2025ರ ಜನವರಿಯಲ್ಲಿ 1,050ರಿಂದ 1,200ಕ್ಕೆ ಏರಿತು. ಅಷ್ಟು ಕೊಡುವ ಬದಲು ಹುಡುಗರು ನಡೆಯುತ್ತಾರೆ. ಟೆಸ್ಟ್ ಸೀರೀಸ್ ಬರೆಯಲು ಅತ್ತಿಗುಪ್ಪೆಯಿಂದ ರಾಜಾಜಿನಗರಕ್ಕೆ ನಡೆದುಕೊಂಡೇ ಹೋಗುವವರಿದ್ದಾರೆ.

ಇವರನ್ನು ಬಸ್ ಪಾಸಿನೊಳಗೆ ತರುವುದು ಕಷ್ಟವೇನಲ್ಲ. ಕೆಪಿಎಸ್‌ಸಿ ಅಥವಾ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿದ ರಸೀದಿ, ಗ್ರಂಥಾಲಯದ ಸದಸ್ಯತ್ವ, ವಯಸ್ಸಿನ ಮಿತಿ, ಇಷ್ಟರಲ್ಲೇ ಗುರುತಿಸಬಹುದು. ಶಾಲಾ ಮಕ್ಕಳ ವಿವರ ಎಸ್‌ಎಟಿಎಸ್‌ನಲ್ಲಿದೆ, ಪದವಿ ವಿದ್ಯಾರ್ಥಿಗಳದ್ದು ಯುಯುಸಿಎಂಎಸ್‌ನಲ್ಲಿದೆ, ಬಸ್ ಪಾಸಿನ ಅರ್ಜಿ ಸೇವಾಸಿಂಧುವಿನಲ್ಲಿದೆ. ಇಷ್ಟೆಲ್ಲ ಮಾಹಿತಿ ಕೂಡಿಟ್ಟ ಸರ್ಕಾರ, ನೀನು ವಿದ್ಯಾರ್ಥಿ ಹೌದೋ ಅಲ್ಲವೋ ಗೊತ್ತಾಗುವುದಿಲ್ಲ ಎಂದರೆ ನಂಬುವುದು ಹೇಗೆ? ಕಾರ್ಡನ್ನು ಅಣ್ಣ ತಮ್ಮ ಹಂಚಿಕೊಂಡರೆ ಅನ್ನುವ ಭಯಕ್ಕೆ ದಿನಕ್ಕೆ ಇಷ್ಟೇ ಪ್ರಯಾಣ ಎಂದು ಗೇಟಿನಲ್ಲೇ ಮಿತಿ ಹಾಕಬಹುದು. ಕೊಚ್ಚಿಯ 50ರ ಲೆಕ್ಕವೂ ಅಂಥದ್ದೇ. ಮತ್ತೆ ಅಣ್ಣನ ಕಾರ್ಡಿನಲ್ಲಿ ತಮ್ಮ ಹತ್ತಿದರೂ ಅವನು ಹೋಗುವುದು ಶಾಲೆಗೇ ತಾನೆ.

ಶ್ರೀಮಂತರ ಮಕ್ಕಳಿಗೂ ಯಾಕೆ ಕೊಡಬೇಕು? ಪಕ್ಕದ ಮನೆಯವರು ಕೇಳುವ ಪ್ರಶ್ನೆ ಇದು, ನ್ಯಾಯವಾದದ್ದೇ. ಮೈಸೂರು ರಸ್ತೆಯ ಇಂಜಿನಿಯರಿಂಗ್ ಕಾಲೇಜಿನ ಮುಂದೆ ನಿಂತ ಬೈಕುಗಳ ಸಾಲು ನೋಡಿದವರಿಗೆ ಹಾಗನ್ನಿಸುವುದು ಸಹಜ. ಆದರೆ ಆ ಬೈಕುಗಳು ಬೆಳಿಗ್ಗೆ ಬರುವುದು ನಮ್ಮ ರಸ್ತೆಯಲ್ಲೇ. ಕಾರ್ಡ್ ರೋಡಿನಲ್ಲಿ ಸಿಗ್ನಲ್ ಎರಡು ಸಲ ಹಸಿರಾದರೂ ದಾಟಲಾಗದೆ ನಿಂತವರು ನಾವು. ಬೈಕನ್ನು ಮನೆಯಲ್ಲಿ ಬಿಟ್ಟು ಬರುವ ಒಬ್ಬೊಬ್ಬ ಹುಡುಗನೂ ನಮಗೆ ದಾರಿ ಬಿಟ್ಟಂತೆ. ಪಿಯುಸಿ ಮಕ್ಕಳದ್ದು ಇನ್ನೂ ಗಂಭೀರ. ಹದಿನಾರು-ಹದಿನೇಳರ ಮಗುವಿಗೆ ನಮ್ಮ ಮನೆಗಳ ಸ್ಕೂಟರ್ ಓಡಿಸುವ ಲೈಸೆನ್ಸ್ ಸಿಗುವುದಿಲ್ಲ. ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ ಪೋಷಕರಿಗೆ 25 ಸಾವಿರ ದಂಡ, ಜೈಲೂ ಆಗಬಹುದು. ಆದರೂ ಟ್ಯೂಷನ್ನಿಗೆ ತಡವಾಯಿತೆಂದು ಅಮ್ಮನ ಸ್ಕೂಟರಿನ ಕೀಲಿ ತೆಗೆದುಕೊಂಡು ಹೋಗುವ ಮಕ್ಕಳು ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ದಿನಾ ಕಾಣುತ್ತಾರೆ. ಕಾನೂನು ಸ್ಕೂಟರ್ ಬೇಡವೆಂದ ಮೇಲೆ ಬಸ್ಸು-ಮೆಟ್ರೋ ಕೈಗೆಟುಕುವಂತೆ ಮಾಡುವ ಜವಾಬ್ದಾರಿ ಕಾನೂನು ಮಾಡಿದವರದ್ದೂ ಹೌದು.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಸಂಶೋಧಕಿ ಗಿರಿಜಾ ಬೋರ್ಕರ್ ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ ಕಂಡುಕೊಂಡದ್ದೇನೆಂದರೆ, ದಾರಿ ಸುರಕ್ಷಿತವಾಗಿರಲಿ ಎಂಬ ಕಾರಣಕ್ಕೇ ಹುಡುಗಿಯರು ಅಂಕ ಇದ್ದರೂ ಕೆಳಗಿನ ದರ್ಜೆಯ ಕಾಲೇಜು ಆರಿಸಿಕೊಳ್ಳುತ್ತಾರೆ. ನಮ್ಮಲ್ಲಿ ಇದಕ್ಕೆ ಸಂಶೋಧನೆ ಬೇಕಿಲ್ಲ. 'ಇಲ್ಲೇ ಹತ್ತಿರದ ಕಾಲೇಜಿಗೆ ಸೇರ್ಕೋ, ಅಷ್ಟು ದೂರ ಯಾಕಮ್ಮ' ಎಂದು ಎಷ್ಟು ಮನೆಗಳಲ್ಲಿ ಹೇಳಿಲ್ಲ! ಶಕ್ತಿ ಯೋಜನೆ ಬಸ್ಸಿನ ಬಾಗಿಲು ತೆರೆಯಿತು, ಒಳ್ಳೆಯದೇ ಆಯಿತು. ಸಂಜೆ ಲ್ಯಾಬ್ ಮುಗಿಸಿ ಬರುವ ಹುಡುಗಿಗೆ ದೀಪ, ಕ್ಯಾಮೆರಾ, ಕಾವಲಿನವರು ಇರುವ ಮೆಟ್ರೋ ಹೆಚ್ಚು ಧೈರ್ಯ ಕೊಡುತ್ತದೆ ಅನ್ನುವುದನ್ನು ಮನೆಯವರೇ ಬಲ್ಲರು. ಈಗ ಆ ಧೈರ್ಯಕ್ಕೆ ಪೂರ್ತಿ ದರ.

ಇದು ಕೇಳಬಾರದ್ದನ್ನು ಕೇಳಿದಂತೆಯೂ ಅಲ್ಲ. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟ ರಾಜ್ಯ ನಮ್ಮದು. ಶಾಲೆ ತಲುಪುವುದೂ ಶಿಕ್ಷಣದ ಖರ್ಚೇ ಎಂದು ಆಗಲೇ ಒಪ್ಪಿಕೊಂಡಾಗಿದೆ. ಸ್ಕಾಟ್ಲೆಂಡಿನಲ್ಲಿ 2022ರ ಜನವರಿ ಕೊನೆಯಿಂದ 22 ವರ್ಷದೊಳಗಿನವರಿಗೆ ಬಸ್ಸೇ ಉಚಿತ. ನಾವು ಅಷ್ಟು ದೂರ ಹೋಗಿ ಕೇಳುತ್ತಿಲ್ಲ.

ಮೂರನೇ ಹಂತದ ಮೆಟ್ರೋಗೆ ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಜೆ.ಪಿ. ನಗರದಿಂದ ಕೆಂಪಾಪುರಕ್ಕೆ ಹೊರವರ್ತುಲ ರಸ್ತೆಯ ಮೇಲೆ ಒಂದು ಮಾರ್ಗ, ಹೊಸಹಳ್ಳಿಯಿಂದ ಕಡಬಗೆರೆಗೆ ಮಾಗಡಿ ರಸ್ತೆಯ ಮೇಲೆ ಇನ್ನೊಂದು. ಎರಡೂ ನಮ್ಮ ಭಾಗದ್ದೇ. ಬಸವೇಶ್ವರನಗರ, ಕಾಮಾಕ್ಷಿಪಾಳ್ಯ, ನಾಗರಬಾವಿಯ ಮನೆಗಳ ಹತ್ತಿರವೇ ಮೆಟ್ರೋ ಬರುತ್ತದೆ. ವಿದ್ಯಾರ್ಥಿ ದರದ ಮಾತು ಈಗಲೇ ಇತ್ಯರ್ಥವಾಗದಿದ್ದರೆ ಆಗ ಕೇಳುವವರ ಸಂಖ್ಯೆ ಹೆಚ್ಚಿರುತ್ತದೆ, ಕೊಡುವವರ ನೆಪವೂ ಹೆಚ್ಚಿರುತ್ತದೆ.

ನಾವು ಮಾಡಬೇಕಾದದ್ದು ದೊಡ್ಡ ಧರಣಿಯೇನಲ್ಲ. ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಗಳು ಮುಂದಿನ ಸಭೆಯಲ್ಲಿ ಕಸ, ಪಾರ್ಕು, ಬೋರ್‌ವೆಲ್ಲಿನ ಜೊತೆ ಇದನ್ನೂ ಒಂದು ವಿಷಯವಾಗಿ ತೆಗೆದುಕೊಂಡು ನಿರ್ಣಯ ಬರೆಯಲಿ. ಪ್ರಾಂಶುಪಾಲರು ತಮ್ಮ ಕಾಲೇಜಿನಲ್ಲಿ ಎಷ್ಟು ಮಕ್ಕಳು ಎಲ್ಲಿಂದ, ಯಾವುದರಲ್ಲಿ ಬರುತ್ತಾರೆ, ತಿಂಗಳಿಗೆ ಎಷ್ಟು ಖರ್ಚು ಎಂದು ಒಂದು ಹಾಳೆಯಲ್ಲಿ ಬರೆಸಿಕೊಳ್ಳಲಿ. ಅಂಕಿ ಇಲ್ಲದ ಮನವಿ ಕಡತದಲ್ಲೇ ಮಲಗುತ್ತದೆ. ರಾಜಾಜಿನಗರ, ಗೋವಿಂದರಾಜನಗರ, ವಿಜಯನಗರ, ಯಶವಂತಪುರ, ಈ ನಾಲ್ಕು ಕ್ಷೇತ್ರದ ಶಾಸಕರು ಬೇರೆ ಬೇರೆ ಪಕ್ಷದವರಾದರೂ ಅವರ ಮತದಾರರ ಮಕ್ಕಳು ಹತ್ತುವುದು ಒಂದೇ ರೈಲು. ಪತ್ರದ ಒಂದು ಪ್ರತಿ ಶಾಸಕರಿಗೆ, ಒಂದು ಸಂಸದರಿಗೆ, ಒಂದು ಮೆಟ್ರೋ ನಿಗಮದ ವ್ಯವಸ್ಥಾಪಕ ನಿರ್ದೇಶಕರಿಗೆ, ಒಂದು ನಗರಾಭಿವೃದ್ಧಿ ಇಲಾಖೆಗೆ ಹೋಗಲಿ. ಕೇಂದ್ರದವರು ರಾಜ್ಯದ ಕಡೆ, ರಾಜ್ಯದವರು ಕೇಂದ್ರದ ಕಡೆ ಬೆರಳು ತೋರಿಸುವುದು ಖಂಡಿತ, ದರ ಏರಿದಾಗಲೂ ಅದನ್ನೇ ಕಂಡೆವು. ಅದಕ್ಕೇ ನಾಲ್ಕೂ ಪತ್ರಗಳಲ್ಲಿ ಒಂದೇ ಒಕ್ಕಣೆ ಇರಲಿ, ಯಾರಿಗೆಲ್ಲ ಪ್ರತಿ ಹೋಗಿದೆ ಎಂಬುದನ್ನು ಕೆಳಗೆ ಕಾಣುವಂತೆ ಬರೆಯಿರಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ.