ಅಂಗಡಿಯವನ ಒಂದು ‘ಇಲ್ಲ’

ನನ್ನ ಅಕ್ಕ ಇರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. 2021ರ ಮೇ 26ರಂದು ಪಕ್ಕದ ಸ್ಯಾನ್ ಹೋಸೆಯ ರೈಲು ಯಾರ್ಡ್‌ನಲ್ಲಿ ನೌಕರನೊಬ್ಬ ತನ್ನ 9 ಸಹೋದ್ಯೋಗಿಗಳನ್ನು ಗುಂಡಿಟ್ಟು ಕೊಂದ. ಸುದ್ದಿ ಕೇಳಿದ ಅಮ್ಮ, ‘ಬಂದೂಕು ಮಾರೋರು ಯಾರಿಗೆ ಕೊಡ್ತಿದ್ದೀವಿ ಅಂತ ನೋಡಲ್ವಾ?’ ಎಂದರು. ಆ ಪ್ರಶ್ನೆಗೆ ಉತ್ತರ ಹುಡುಕಲು ಹೊರಟೆ.

ನೋಡುತ್ತಾರೆ. ಅಮೆರಿಕದಲ್ಲಿ ಬಂದೂಕು ವ್ಯಾಪಾರಕ್ಕೆ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕು. ಗ್ರಾಹಕ 4473 ಎಂಬ ಫಾರಂ ತುಂಬಬೇಕು, ಅವನ ಅಪರಾಧ ಹಿನ್ನೆಲೆಯ ಪರಿಶೀಲನೆ ನಡೆಯಬೇಕು. ಕ್ಯಾಲಿಫೋರ್ನಿಯಾದಲ್ಲಂತೂ ಬಂದೂಕು ಕೈಗೆ ಸಿಗಲು 10 ದಿನ ಕಾಯಬೇಕು.

ಆದರೆ ಈ ಜರಡಿಗೆ ಸಿಗದವರು ಬೇನಾಮಿ ಖರೀದಿದಾರರು. ಒಬ್ಬನ ಮೇಲೆ ಶಿಕ್ಷೆಯಾದ ಕೇಸಿದೆ ಎಂದುಕೊಳ್ಳಿ. ಅವನ ಬದಲು ಯಾವ ಕೇಸೂ ಇಲ್ಲದ ಗೆಳತಿ ಬಂದು ಫಾರಂ ತುಂಬುತ್ತಾಳೆ. ಅವನು ಪಕ್ಕದಲ್ಲಿ ನಿಂತು ‘ಅದಲ್ಲ, ಇದು’ ಎಂದು ಬೆರಳು ತೋರಿಸುತ್ತಾನೆ. ಕಂಪ್ಯೂಟರ್ ಅವಳ ಹೆಸರಿಗೆ ‘ಸರಿ’ ಎನ್ನುತ್ತದೆ. ಆಗ ‘ಇಲ್ಲ’ ಎನ್ನಬೇಕಾದವನು ಅಂಗಡಿಯವನೇ. ಅನುಮಾನ ಬಂದರೆ ಮಾರದಿರುವ ಹಕ್ಕು ಅವನಿಗಿದೆ. ಆದರೆ ಮಾರದಿದ್ದರೆ ನಷ್ಟವೂ ಅವನದೇ!

ಸ್ಥಳೀಯ ನಿಯಮಗಳು ಕೈಹಾಕುವುದು ಇಲ್ಲೇ. ಸನ್ನಿವೇಲ್‌ನ ಮತದಾರರು 2013ರ ನವೆಂಬರ್‌ನಲ್ಲಿ ಒಪ್ಪಿದ ನಿಯಮದಂತೆ, ಗುಂಡು ಕೊಂಡವರ ವಿವರವನ್ನು ಅಂಗಡಿಯವರು ಬರೆದು 2 ವರ್ಷ ಇಟ್ಟುಕೊಳ್ಳಬೇಕು. ರೈಲು ಯಾರ್ಡ್ ಹತ್ಯೆಯಾದ ಕೆಲವೇ ವಾರಗಳಲ್ಲಿ ಸ್ಯಾನ್ ಹೋಸೆ ನಗರಸಭೆ, ಬಂದೂಕು ಮಾರಾಟವನ್ನು ಧ್ವನಿ ಸಮೇತ ವಿಡಿಯೊ ಮಾಡಬೇಕೆಂದು ತೀರ್ಮಾನಿಸಿತು. ಆ ನಿಯಮದ ಮುಖ್ಯ ಗುರಿ ಬೇನಾಮಿ ಖರೀದಿ. ಪ್ರಾಮಾಣಿಕ ವ್ಯಾಪಾರಿಗೆ ಕ್ಯಾಮೆರಾ ಒಂದು ಆಸರೆ. ‘ಎಲ್ಲಾ ರೆಕಾರ್ಡ್ ಆಗ್ತಿದೆ, ನನ್ನ ಕೈಲಿಲ್ಲ’ ಎಂದು ಜಗಳವಿಲ್ಲದೆ ವಾಪಸ್ ಕಳಿಸಬಹುದು. ಕಣ್ಣುಮುಚ್ಚಿ ಮಾರುವವನಿಗೆ ಅದೇ ಕ್ಯಾಮೆರಾ ನಾಳೆಯ ಸಾಕ್ಷಿ.

ಇದಕ್ಕೆ ಇನ್ನೊಂದು ಮುಖವೂ ಇದೆ. 2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರಸಭೆ ಇಂಥದ್ದೇ ನಿಯಮ ತಂದಿತು. ಮಾರಾಟದ ವಿಡಿಯೊ ಜೊತೆಗೆ ಗುಂಡುಗಳ ಮಾರಾಟದ ಲೆಕ್ಕವನ್ನು ಪ್ರತಿ ವಾರ ಪೊಲೀಸರಿಗೆ ಕೊಡಬೇಕಿತ್ತು. ಆ ಊರಲ್ಲಿ ಉಳಿದಿದ್ದ ಬಂದೂಕು ಅಂಗಡಿ ಒಂದೇ, 1952ರಿಂದ ನಡೆಯುತ್ತಿದ್ದ ಹೈ ಬ್ರಿಡ್ಜ್ ಆರ್ಮ್ಸ್. ಇದು ಗ್ರಾಹಕರ ಖಾಸಗಿತನಕ್ಕೆ ಧಕ್ಕೆ ಎಂದು ಹೇಳಿ ಅಂಗಡಿಯವರು ಅದೇ ವರ್ಷ ಬಾಗಿಲು ಹಾಕಿದರು. ತಪ್ಪು ಮಾಡದವನಿಗೂ ತನ್ನ ಮುಖ ಪೊಲೀಸರ ಕೈಗೆ ಹೋಗುವುದು ಇಷ್ಟವಿರದು. ಆ ದೂರನ್ನು ಸುಮ್ಮನೆ ತಳ್ಳಿಹಾಕಲಾಗದು. ಆದರೆ ಊರಲ್ಲಿ ಅಂಗಡಿ ಇಲ್ಲವಾದರೂ ಊರಿನ ಗಡಿ ದಾಟಿ ಕೊಂಡು ತರುವುದು ಕಷ್ಟವೇನಲ್ಲ.

ನನಗೆ ಅರ್ಥವಾಗಿದ್ದು ಇಷ್ಟು: ಒಂದೇ ಊರಿನ ನಿಯಮ ‘ಯಾರಿಗೆ ಮಾರಬೇಕು’ ಎನ್ನುವುದಕ್ಕಿಂತ ‘ಎಲ್ಲಿ ಮಾರಬೇಕು’ ಎನ್ನುವುದನ್ನೇ ಹೆಚ್ಚು ಬದಲಿಸಬಹುದು. ಇಲ್ಲಿ ‘ಇಲ್ಲ’ ಎಂದ ಗಿರಾಕಿ ಪಕ್ಕದೂರಿನ ಅಂಗಡಿಗೆ ಹೋಗುತ್ತಾನೆಂದು ಗೊತ್ತಿದ್ದರೆ ‘ಇಲ್ಲ’ ಎನ್ನಲು ಯಾವ ವ್ಯಾಪಾರಿಗೆ ಮನಸ್ಸು ಬಂದೀತು? ಎಲ್ಲರಿಗೂ ಒಂದೇ ನಿಯಮವಿದ್ದರೆ ಮಾತ್ರ ಒಳ್ಳೆಯವನಿಗೆ ನಷ್ಟವಾಗದು. ಕ್ಯಾಲಿಫೋರ್ನಿಯಾ ಕೊನೆಗೆ ಅದನ್ನೇ ಮಾಡಿತು. 2024ರ ಜನವರಿಯಿಂದ ರಾಜ್ಯದ ಬಂದೂಕು ಅಂಗಡಿಗಳಿಗೆಲ್ಲ ವಿಡಿಯೊ ಕಣ್ಗಾವಲು ಕಡ್ಡಾಯ. ಊರುಗಳು ಮೊದಲು ಪ್ರಯತ್ನಿಸಿದ್ದನ್ನು ರಾಜ್ಯ ಆಮೇಲೆ ಕಾನೂನು ಮಾಡಿತು. ಆದರೆ ಅಮೆರಿಕದ 40ಕ್ಕೂ ಹೆಚ್ಚು ರಾಜ್ಯಗಳು ಬಂದೂಕಿನ ವಿಚಾರದಲ್ಲಿ ಊರುಗಳ ಅಧಿಕಾರಕ್ಕೇ ಕಡಿವಾಣ ಹಾಕಿವೆ. ಅಲ್ಲಿ ಇಂಥ ಮೊದಲ ಹೆಜ್ಜೆಯೂ ಸುಲಭವಲ್ಲ.

ಅಮ್ಮನಿಗೆ ಹೇಳಿದೆ: ‘ನೋಡ್ತಾರಮ್ಮ. ಆದ್ರೆ ನೋಡಿದ ಮೇಲೆ ಬೇಡ ಅನ್ನೋಕೆ ಧೈರ್ಯ ಬೇಕು. ಆ ಧೈರ್ಯಕ್ಕೆ ಕಾನೂನು ಜೊತೆಗಿರಬೇಕು.’